ಎರಡು ಬಾಗಿಲ ನಡುವೆ

"ಒಳಗಿನ ಬಾಗಿಲು ಹಾಕೋವರೆಗೆ ಹೊರಗಿನದು ತೆಗೀಬೇಡಿ," ಎಂದಳು ಜಾನೆತ್.

ಶವಪೆಟ್ಟಿಗೆ ಹೊತ್ತ ನಾಲ್ವರೂ ಅಡುಗೆಮನೆಯಲ್ಲೇ ನಿಂತರು. ಪೆಟ್ಟಿಗೆಯೊಳಗೆ ಅವಳ ಗಂಡ ತುಗ್ದುಯಾಲ್. ಬೆಳಗಿನಿಂದ ಅವಳಿಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಬಂದವರಿಗೆಲ್ಲ ಕಾಫಿ ಬಗ್ಗಿಸಿ ಕೊಟ್ಟಿದ್ದಳು, ಅಷ್ಟೇ.

"ಇವತ್ತಾದ್ರೂ ಆ ಹುಚ್ಚು ಬಿಡಿ ಅತ್ತಿಗೆ," ಎಂದಳು ನಾದಿನಿ ಮರಿವೋನ್. "ಮನೆಗೆ ಆ ಎರಡನೇ ಬಾಗಿಲು ಇಡಿಸಿ, ಒಂದು ಹಾಕೋವರೆಗೆ ಇನ್ನೊಂದು ತೆಗೀದೆ ಅಣ್ಣ ನಮ್ಮನ್ನ ಮಳೇಲಿ ನಿಲ್ಸಿದ್ದು ಸಾಲದಾ?"

ಫಾದರ್ ಕೆಮ್ಮಿದರು. "ಚರ್ಚಲ್ಲಿ ಏನು ಹೇಳ್ಬೇಕು ಅಂತ ಯೋಚಿಸಿದೀನಮ್ಮ. ಉಪಗ್ರಹದ ಮೂಲಕ ಅಮೆರಿಕದಿಂದ ಬಂದ ಮೊದಲ ಟೀವಿ ಚಿತ್ರವನ್ನ ನಮ್ಮೂರಲ್ಲಿ ಕಣ್ಣಾರೆ ಕಂಡವನು ಅಂತ."

ಎಲ್ಲರೂ ತಲೆದೂಗಿದರು. ಹಾಗಲ್ಲವೆಂದು ಗೊತ್ತಿದ್ದವಳು ಜಾನೆತ್ ಒಬ್ಬಳೇ. ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಬಾಯಿಬಿಟ್ಟರೆ ಮೂವತ್ತು ವರ್ಷ ಅವನು ಬಿಟ್ಟ ಬೊಗಳೆ ಊರಿಗೆಲ್ಲ ಗೊತ್ತಾಗುತ್ತಿತ್ತು.

*

೧೯೬೨. ಫ್ರಾನ್ಸಿನ ಬ್ರಿಟನಿಯಲ್ಲಿ, ಊರಾಚೆಯ ಬಯಲಿನಲ್ಲಿ ಗಾಳಿ ತುಂಬಿ ನಿಲ್ಲಿಸಿದ ಬಿಳಿ ಬಟ್ಟೆಯ ಗೋಳ, ಅದರೊಳಗೆ ಮನೆಗಿಂತ ದೊಡ್ಡ ಆಂಟೆನಾ. ಕಡಲಾಚೆಯ ಚಿತ್ರವನ್ನು ಉಪಗ್ರಹ ಹಿಡಿದು, ಬಲ ತುಂಬಿ, ಇತ್ತ ಕಳಿಸಬೇಕು. ಉಪಗ್ರಹ ಒಂದು ಸುತ್ತಿನಲ್ಲಿ ಎಟುಕಿಗೆ ಸಿಗುವುದು ಇಪ್ಪತ್ತೇ ನಿಮಿಷ. ಗೋಳಕ್ಕೆ ಒಂದರ ಹಿಂದೊಂದು ಎರಡು ಬಾಗಿಲು; ತುಗ್ದುಯಾಲ್ ಅವನ್ನು ಕಾಯುವವನು. ಎರಡು ಬಾಗಿಲೂ ಒಟ್ಟಿಗೆ ತೆರೆದರೆ ಗಾಳಿ ಹೋಗಿ ಬಟ್ಟೆ ಆಂಟೆನಾದ ಮೇಲೆ ಕುಸಿಯುತ್ತದೆ. ಬಾಗಿಲುಗಳ ನಡುವೆ ನಿಂತರೆ ಗಾಳಿಯ ಒತ್ತಡಕ್ಕೆ ಕಿವಿ ಗುಂಯ್ ಎನ್ನುತ್ತದೆ, ಉಗುಳು ನುಂಗಬೇಕು.

ಚಿತ್ರ ಬಂದ ಮರುದಿನ ಬೆಳಿಗ್ಗೆ ಅವನು ಬಂದು ಬೂಟು ಬಿಚ್ಚಿದ.

"ನೋಡಿದ್ರಾ?" ಎಂದಳು ಜಾನೆತ್.

"ಎಲ್ಲಿ ನೋಡ್ಲಿ? ಪರದೆ ಇರೋದು ಆಚೆ ಕಟ್ಟಡದಲ್ಲಿ. ಗೋಳದಲ್ಲಿದ್ದೋರೆಲ್ಲ ಅತ್ತ ಓಡಿದ್ರು, ಒಟ್ಟಿಗೇ ಬಾಗಿಲು ತಳ್ಳಿದ್ರು. ನಾನು ಬಿಡ್ಲಿಲ್ಲ. ನಾಲ್ಕು ನಾಲ್ಕು ಜನರನ್ನ ದಾಟಿಸೋ ಹೊತ್ತಿಗೆ ಎಲ್ಲ ಮುಗೀತು." ಆಮೇಲೆ ತಲೆ ತಗ್ಗಿಸಿದ. "ಬ್ರೆಡ್ ಅಂಗಡೀಲಿ ಕೇಳಿದ್ರು. ಚಿತ್ರದಲ್ಲಿ ಬಾವುಟ ಹಾರ್ತಿತ್ತು, ನಾನೇ ನೋಡ್ದೆ ಅಂದ್ಬಿಟ್ಟೆ ಕಣೇ."

*

"ಇವರು ಏನೂ ನೋಡ್ಲಿಲ್ಲ ಫಾದರ್," ಎಂದಳು ಜಾನೆತ್. ದನಿ ಬೇರೆ ಯಾರದೋ ಎನಿಸಿತು. "ಬಾವುಟ ಬರೀ ಬಾಯಿಮಾತು. ಎಲ್ಲರೂ ನೋಡೋಕೆ ಓಡಿದ್ರು, ಇವರು ಬಾಗಿಲಲ್ಲಿ ನಿಂತಿದ್ರು. ಚರ್ಚಲ್ಲಿ ಅದನ್ನ ಹೇಳಿ."

 

ನಾಲ್ವರೂ ಪೆಟ್ಟಿಗೆಯನ್ನು ಎರಡು ಬಾಗಿಲ ನಡುವಿನ ಉದ್ದನೆಯ ಇಕ್ಕಟ್ಟು ಜಾಗಕ್ಕೆ ತಂದರು. ಹೊರಬಾಗಿಲ ಬಳಿ ಜಾನೆತ್ ನಿಂತಳು. ಹಿಂದೆ ಬಂದ ಮರಿವೋನ್ ಒಳಬಾಗಿಲನ್ನು ತಾನೇ ಎಳೆದು ಚಿಲಕ ಹಾಕಿದಳು. ಕತ್ತಲಾಯಿತು. ಜಾನೆತ್ ಒಮ್ಮೆ ಉಗುಳು ನುಂಗಿ, ಹೊರಬಾಗಿಲು ತೆರೆದಳು.