ಮೊಳೆಗೆ ಸಿಕ್ಕ ಹೂವು

ದೇವರು ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಾನು ಬಾಳಮ್ಮ. ಕೊರ್ತಾಲಿಮ್‌ನ ಚರ್ಚಿನಲ್ಲಿ ಕಸ ಗುಡಿಸಿ, ಬೆಂಚು ಒರೆಸಿ, ನೆಲಕ್ಕೆ ಬಿದ್ದ ಮೇಣ ಕೆರೆದು ಹೊಟ್ಟೆ ಹೊರೆಯುವವಳು. ಅವನಷ್ಟಕ್ಕೆ ಅವನಿದ್ದ, ನನ್ನಷ್ಟಕ್ಕೆ ನಾನಿದ್ದೆ. ಹುಲಿಗೆಮ್ಮನ ವಿಷಯವಾದ ಮೇಲೆ ಮಾತ್ರ ಅವನ ಜೊತೆ ನನಗೆ ಜಗಳ ಬಿದ್ದಿದೆ.

ಹುಲಿಗೆಮ್ಮ ನಮ್ಮ ಪಕ್ಕದ ಖೋಲಿಯವಳು, ಕುಷ್ಟಗಿ ಕಡೆಯ ಹುಡುಗಿ. ಅವಳ ಗಂಡ ಕಂಠೆಪ್ಪ ಜುವಾರಿ ಹೊಳೆಯಲ್ಲಿ ಸರಕು ಸಾಗಿಸುವ ಬಾರ್ಜಿನ ಮೇಲೆ ಹಗ್ಗ ಎಳೆಯುವ ಕೆಲಸಕ್ಕಿದ್ದ. ಹೋದ ವರ್ಷ ತಂತಿಹಗ್ಗ ಜಾರಿ ಅವನ ಬಲ ಅಂಗೈಯನ್ನು ಅಡ್ಡಕ್ಕೆ ಸೀಳಿಬಿಟ್ಟಿತು. ಹುಲಿಗೆಮ್ಮ ತಿಂಗಳುಗಟ್ಟಲೆ ತಾನೇ ತುತ್ತು ಮಾಡಿ ಉಣಿಸಿದಳು. "ಗಂಡನ್ನ ಕೂಸು ಮಾಡಿ ಕುಂದ್ರಿಸೀದಿ ಬಿಡವಾ" ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಗಾಯವೇನೋ ಮಾಯಿತು. ಆದರೆ ಅಂಗೈಯಲ್ಲಿ ದಪ್ಪನೆಯ ಗೆರೆ ಉಳಿಯಿತು, ನಡುವಿನ ಎರಡು ಬೆರಳು ಮಡಚಿಕೊಂಡೇ ನಿಂತವು. "ಬ್ರಹ್ಮ ಬರದದ್ದು ಸಾಲ್ಲಿಲ್ಲಂತ ನಮ್ಮ ಶೇಠ್ ಒಂದು ಗೆರಿ ಬರದಾನ್ರಿ ಅಕ್ಕಾ" ಎಂದು ಕಂಠೆಪ್ಪ ಕೈ ತೋರಿಸಿ ನಗುತ್ತಿದ್ದ.

ಅಂಥ ಕಂಠೆಪ್ಪ ಮಳೆಗಾಲದಲ್ಲಿ ಒಂದು ಮುಂಜಾನೆ ಬಾರ್ಜಿನಿಂದ ನೀರಿಗೆ ಬಿದ್ದ. ಹೊಳೆ ತುಂಬಿತ್ತು, ಮೇಲಾಗಿ ನೀರು ಕಡಲಿಗೆ ಎಳೆಯುವ ಇಳಿತದ ಹೊತ್ತು. ದೋಣಿಯವರು ಹುಡುಕಿದರು, ಪೊಲೀಸರು ಹುಡುಕಿದರು, ಆಮೇಲೆ ಎಲ್ಲರೂ ಕೈಚೆಲ್ಲಿದರು. ಅತ್ತ ಮನುಷ್ಯನೂ ಇಲ್ಲ, ಇತ್ತ ಹೆಣವೂ ಇಲ್ಲ.

ಊರಿಂದ ಮಾವ ಪರಮಣ್ಣ ಬಂದ. ಮಗನನ್ನು ಕಳೆದುಕೊಂಡ ಮುದುಕ, ಪಾಪ, ಅವನ ಸಂಕಟ ಅವನಿಗೆ. "ಅಮಾಸಿ ಒಳಗ ಹಿಟ್ಟಿನ ಬೊಂಬಿ ಮಾಡಿ ಮಣ್ಣು ಮಾಡೂಣು. ಬಳಿ ತಗಸೂಣು. ಇಲ್ಲಂದ್ರ ನನ್ನ ಮಗ ನೀರಾಗ ಅಡ್ಡಾಡಕೋತನ ಇರತಾನ" ಎಂದ. ಮರುದಿನ ಮಧ್ಯಾಹ್ನ ಹುಲಿಗೆಮ್ಮ ಚರ್ಚಿಗೆ ಬಂದು ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡಳು.

"ಅಕ್ಕಾ, ಅಂವ ಇದ್ದಾಗ ಬಳಿ ಒಡದ್ರ ನಾನ ಅವನ್ನ ಕೊಂದಂಗ. ಸತ್ತಾಗ ಕುಂಕುಮ ಇಟಗೊಂಡು ಕುಂತ್ರ ಅವಂಗ ಒಂದು ಅಗಳೂ ಮುಟ್ಟೂದಿಲ್ಲ. ನಾ ಏನ್ ಮಾಡ್ಲಿ? ಹೂ ಕೇಳತೀನಿ."

"ಇಲ್ಲಿ? ಹುಚ್ಚು ಹಿಡದೈತೇನ್ ನಿನಗ? ಊರಿಗೆ ಹೋಗಿ ನಮ್ಮವ್ವನ ಗುಡಿಯಾಗ ಕೇಳು."

"ಇದು ನಮ್ಮವ್ವನ ಸೀಮಿ ಅಲ್ಲಕ್ಕಾ. ಈ ಹೊಳಿ ದಂಡಿಗೆಲ್ಲ ಇವಂದ ಶಿಲುಬಿ ನಿಂತಾವ. ಈ ನೀರು ಇವಂದು. ಇವಂಗ ಗೊತ್ತಿರತೈತಿ."

ಪಕ್ಕದ ಪೀಠದ ಮೇಲೆ ಆಳೆತ್ತರದ ಮರದ ಯೇಸು ಶಿಲುಬೆಯಲ್ಲಿ ತೂಗುತ್ತಿದ್ದಾನೆ. ಅಲ್ಲಿಗೆ ಬೆಂಚು ಎಳೆದುಕೊಟ್ಟೆ. ನಮ್ಮ ಗುಡಿಗಳಲ್ಲಿ ದೇವಿಗೆ ಹಸಿ ಗಂಧ ಬಳಿದು ಎಡಕ್ಕೊಂದು ಬಲಕ್ಕೊಂದು ಹೂ ಅಂಟಿಸಿ, ಮನಸ್ಸಿನಲ್ಲಿದ್ದದ್ದು ಕೇಳಿ ಕಾಯುತ್ತಾರೆ. ಬಲದ ಹೂ ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಇಲ್ಲಿ ಮರಕ್ಕೆ ವಾರ್ನಿಶ್ ಹೊಡೆದಿದ್ದರು, ಒದ್ದೆ ಹೂ ನಿಲ್ಲದೆ ಜಾರುತ್ತಿತ್ತು. ಹುಲಿಗೆಮ್ಮ ಎರಡು ಚೆಂಡುಹೂವಿನ ತೊಟ್ಟುಗಳನ್ನು ಎರಡು ಅಂಗೈಗಳ ಮೊಳೆಗಳ ಹಿಂದೆ ಮೆಲ್ಲಗೆ ಸಿಗಿಸಿ ಕೆಳಗಿಳಿದಳು.

"ಇದ್ದಾನ ಅಂದ್ರ ಬಲಗೈದು ಕೊಡಪಾ. ಇಲ್ಲಂದ್ರ ಎಡಗೈದು. ಬಾಯಿ ಬಿಟ್ಟು ಹೇಳು ಅನ್ನಂಗಿಲ್ಲ, ಒಂದ್ ಹೂವು ಕೊಡು" ಎಂದು ಸೆರಗೊಡ್ಡಿ ಕೂತಳು.

ನಾನು ಎಲ್ಲ ಬೆಂಚು ಒರೆಸಿ ಬಂದರೂ ಸೆರಗು ಖಾಲಿಯೇ ಇತ್ತು. ಕಿಟಕಿಯಿಂದ ಗಾಳಿ ಬಂತು, ಹೂವಿನ ಪಕಳೆ ಅಲುಗಿದವು, ಅಷ್ಟೇ. ಆಗ ಸರಿಯಾಗಿ ನೋಡಿದೆ. ಮೊಳೆಯ ತಲೆ ಅಗಲವಾಗಿತ್ತು. ಅದರ ಮೇಲೆ ಅವನ ಬೆರಳುಗಳೂ ಮಡಚಿಕೊಂಡಿದ್ದವು. ಆ ಹೂವು ಬೀಳುವುದಾದರೂ ಹೇಗೆ?

"ಏಳವಾ. ಕೈಗೆ ಮೊಳಿ ಹೊಡಸ್ಕೊಂಡಾಂವ ನಿನಗ ಹೂವು ಹೆಂಗ ಕೊಡತಾನ?" ಎಂದೆ. ಹುಲಿಗೆಮ್ಮ ತಲೆ ಎತ್ತಿ ನೋಡಿದಳು. "ನಮ್ಮವನಂಗ ಮಡಚ್ಯಾವಲ್ಲಕ್ಕಾ ಬೆರಳು" ಎಂದು ಅಳಲು ಶುರುಮಾಡಿದಳು. ಅಲ್ಲಿಯವರೆಗೂ ಅವಳು ಅತ್ತಿರಲಿಲ್ಲ.

ಅಳು ಕೇಳಿ ಪಾದ್ರಿ ಕಾಯ್ತಾನ್ ಬಂದರು. ಖಾನಾಪುರದ ಕಡೆ ವರ್ಷಾನುಗಟ್ಟಲೆ ಇದ್ದವರು, ಕನ್ನಡ ಬಲ್ಲರು. ಹೂವು ನೋಡಿದರು, ನನ್ನನ್ನು ನೋಡಿದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಬಂದು ಹುಲಿಗೆಮ್ಮನ ಪಕ್ಕ ನೆಲದ ಮೇಲೆ ಕೂತರು.

"ನಿಮ್ಮ ದೇವ್ರು ಏನೂ ಹೇಳೂದಿಲ್ಲೇನ್ರಿ ಫಾದರ್?" ಎಂದಳು ಅವಳು.

"ದೇವರನ್ನ ಯಾರೂ ಕಣ್ಣಾರೆ ನೋಡಿಲ್ಲಮ್ಮ. ನಾನು ಹೀಗಿದ್ದೇನೆ ಅಂತ ಅವನು ತೋರಿಸಿದ್ದು ಇವನಲ್ಲಿ. ನಮಗೆ ಗೊತ್ತಿರೋದು ಅಷ್ಟೇ. ಇವನೂ ಸಾಯೋ ಹೊತ್ತಿಗೆ ದೇವರೇ ಯಾಕೆ ಕೈಬಿಟ್ಟೆ ಅಂತ ಕೇಳಿದ. ಇವನಿಗೂ ಉತ್ತರ ಬರಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಚಲೋ ತೋರಿಸಿದ ಬಿಡ್ರಿ! ದೇವ್ರಂದಮ್ಯಾಲೆ ಕೈಯಾಗ ಕತ್ತಿನಾರ ಇರಬೇಕು, ತ್ರಿಶೂಲನಾರ ಇರಬೇಕು. ಹಿಂಗ ಜೋತುಬಿದ್ದಾವನ್ನ ನೋಡಿ ದೇವ್ರಂತ ಹೆಂಗ ಗುರುತು ಹಿಡದ್ರಿ?"

"ಕೈಯಿಂದ, ಬಾಳಮ್ಮ" ಎಂದರು ಪಾದ್ರಿ. "ಸತ್ತು ಎದ್ದು ಬಂದಾಗ ಅವನ ಜೊತೆಗಾರನೊಬ್ಬ ನಂಬಲಿಲ್ಲ. ಕೈಯ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬೋದಿಲ್ಲ ಅಂದ. ಇವನು ಬಂದು ಕೈ ಚಾಚಿದ. ಗಾಯ ಹಾಗೇ ಇತ್ತು."

ಹುಲಿಗೆಮ್ಮ ಕಣ್ಣೊರೆಸಿಕೊಂಡಳು. "ಸತ್ತಾಂವ ತಿರುಗಿ ಬಂದನಾ?"

ಪಾದ್ರಿ ಹೌದು ಅನ್ನಲೇಬೇಕಲ್ಲ, ಅವರ ನಂಬಿಕೆ ಅದು. "ಬಂದ" ಎಂದರು. ಅವಳ ಮುಖ ಅರಳಿದ್ದು ನೋಡಿ ಅವರಿಗೇ ಹೆದರಿಕೆಯಾಯಿತು. "ಎಲ್ಲರೂ ಹಾಗೆ ಈಗಲೇ ಬರೋದಿಲ್ಲಮ್ಮ" ಎಂದು ಏನೇನೋ ಹೇಳಹೋದರು. ಅವಳ ಕಿವಿಗೆ ಬೀಳಲಿಲ್ಲ.

ಮನೆಗೆ ಹೋದವಳೇ ಪರಮಣ್ಣನ ಮುಂದೆ ನಿಂತು, "ಮಾವಾ, ಆ ಕೈ ನೋಡೂತನಕ ನಾ ಬಳಿ ಒಡಿಯಾಂಗಿಲ್ಲರಿ. ಹಿಟ್ಟಿನ ಬೊಂಬಿಗೆ ನನ್ನ ಗಂಡನ ಕೈ ಎಲ್ಲಿಂದ ತರತೀರಿ?" ಎಂದಳು. ಮುದುಕ ಹಣೆ ಹಣೆ ಬಡಿದುಕೊಂಡ. ಅವತ್ತಿನಿಂದ ಅವಳು ದಿನಾ ಎರಡು ರೊಟ್ಟಿ ಜಾಸ್ತಿ ಬಡಿದು ಮುಚ್ಚಿಡತೊಡಗಿದಳು. ಆ ಪಾದ್ರಿಯ ಬಾಯಿಗಿಷ್ಟು ಮಣ್ಣು ಬೀಳಲಿ ಎಂದು ನಾನು ಶಾಪ ಹಾಕಿದೆ.

ಅಮಾವಾಸ್ಯೆಗೆ ಮುಂಚೆಯೇ ಪೊಲೀಸರು ಕರೆದರು. ಸಾಂಕೋಲೆ ಕಡೆ ಹೊಳೆ ದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನಲ್ಲಿ ಒಂದು ಹೆಣ ಸಿಕ್ಕಿತ್ತು. ಆಸ್ಪತ್ರೆಯ ಹೆಣದ ಕೋಣೆಗೆ ಮೊದಲು ಪರಮಣ್ಣ ಹೋದ. ಗೋಡೆ ಹಿಡಿದುಕೊಂಡು ಹೊರಗೆ ಬಂದ. "ಮಾರೀನ ಇಲ್ಲವಾ. ಮೀನು ತಿಂದಾವ. ಹೆತ್ತಾವ್ನಾಗಿ ನನಗ ಗುರುತು ಹತ್ತವಲ್ದು" ಎಂದ.

ಹುಲಿಗೆಮ್ಮ ಒಳಗೆ ಹೋದಳು, ಹಿಂದೆ ನಾನು. ಕೆಲಸದವನು ಮುಖದ ಬಟ್ಟೆಗೆ ಕೈ ಹಾಕಿದ.

"ಮಾರಿ ಬ್ಯಾಡ್ರಿ. ಬಲಗೈ ತೋರಸ್ರಿ" ಎಂದಳು.

ಅವನು ಪಕ್ಕದಿಂದ ಬಟ್ಟೆ ಸರಿಸಿದ. ಉಬ್ಬಿದ, ಬೆಳ್ಳಗಾದ ಕೈ. ಎರಡು ಬೆರಳು ಮಡಚಿಕೊಂಡಿದ್ದವು. ಹುಲಿಗೆಮ್ಮ ಆ ಬೆರಳುಗಳನ್ನು ಕೊಂಚ ಸರಿಸಿ, ಅಂಗೈಯ ಗೆರೆಯ ಮೇಲೆ ತನ್ನ ಬೆರಳನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದಳು.

"ಬಂದಾನ್ರಿ. ಇಂವನ ನನ್ನ ಗಂಡ" ಎಂದಳು. ಆಮೇಲೆ ಯಾರೂ ಹೇಳದೆ, ಅಲ್ಲಿನ ಕಬ್ಬಿಣದ ಮೇಜಿನ ಅಂಚಿಗೆ ಎರಡೂ ಕೈ ಬಡಿದಳು. ಹಸಿರು ಬಳೆಯ ಚೂರು ನನ್ನ ಕಾಲ ಮೇಲೂ ಬಿದ್ದವು.

ಮಣ್ಣು ಮಾಡಿ ಅವಳು ಮಾವನ ಜೊತೆ ಊರಿಗೆ ಹೋದಳು. ನಾನು ಕೆಲಸಕ್ಕೆ ಬಂದೆ. ಎರಡು ಹೂವೂ ಒಣಗಿ ಮೊಳೆಗೇ ಅಂಟಿಕೊಂಡಿದ್ದವು, ಪಾದ್ರಿ ತೆಗೆಯಲು ಬಿಟ್ಟಿರಲಿಲ್ಲವಂತೆ. ಬೆಂಚು ಎಳೆದು ಹತ್ತಿ ಹೂ ಕಿತ್ತೆ.

"ಗುರುತು ಕೊಟ್ಟಿ ಬಿಡಪಾ" ಎಂದೆ. ಚರ್ಚಿಗೆಲ್ಲ ಕೇಳುವ ಹಾಗೆ ಬೈದೆ. "ನಿನಗ ಬರೂದು ಇದೊಂದ ಏನು? ಗಾಯ ತೋರಸೂದು? ಆ ಹುಡುಗಿ ಗಂಡನ್ನ ಕೇಳಿದ್ಲೋ, ಗಾಯ ಕೇಳಿದ್ಲೋ? ಬಾಯಿಲ್ಲೇನು ನಿನಗ?"

ಅವನು ಕೈ ಚಾಚಿಕೊಂಡೇ ಇದ್ದ. ಹೂ ಕಿತ್ತ ಜಾಗದಲ್ಲಿ ಮೊಳೆಯ ಸುತ್ತ ಮರ ಸೀಳಿತ್ತು, ಸೀಳಿನಲ್ಲಿ ಧೂಳು ಕೂತಿತ್ತು. ಇಷ್ಟು ವರ್ಷ ಎಟುಕುವುದಿಲ್ಲವೆಂದು ನಾನು ಅವನ ಕಾಲಷ್ಟೇ ಒರೆಸುತ್ತಿದ್ದೆ. ಬೈಯುತ್ತ ಬೈಯುತ್ತಲೇ ಒದ್ದೆ ಬಟ್ಟೆ ಹಿಂಡಿ ಮೊದಲು ಬಲಗೈ ಒರೆಸಿದೆ, ಆಮೇಲೆ ಎಡಗೈ.