ಬುರ್ಮಕನ್ ರೇಡಿಯೋದಲ್ಲಿ ಮಾತಾಡಿದ ದಿನ

ಸರಿಬೆಲ್ ಊರಿನ ಮನೆಗಳ ಹತ್ತಿರ ಫೋನು ಸರಿಯಾಗಿಯೇ ಹಿಡಿಯುತ್ತದೆ. ಹುಲ್ಲು ಕೊಯ್ಯಲು ಹೊಳೆಯ ಬಯಲಿಗೆ ಇಳಿದರೋ, ಮುಗಿಯಿತು. ಅಲ್ಲಿ ಫೋನೆಂದರೆ ಹೊತ್ತು ನೋಡುವ ಡಬ್ಬಿ ಅಷ್ಟೆ. ಸುತ್ತ ಕಿರ್ಗಿಸ್ ಬೆಟ್ಟಗಳು ಅಡ್ಡ ನಿಂತಿರುವಾಗ ಅದಾದರೂ ಏನು ಮಾಡೀತು? ಅದಕ್ಕೇ ಊರಿನವರೆಲ್ಲ ಬಯಲಿಗೆ ಹೋಗುವಾಗ ರೊಟ್ಟಿಯ ಜೊತೆ ಒಂದು ಪುಟ್ಟ ರೇಡಿಯೋ ಕಟ್ಟಿಕೊಂಡು ಹೋಗುತ್ತಾರೆ. ಊರ ಮೇಲಿನ ಹಳೇ ಶಾಲೆಯ ಕೋಣೆಯಿಂದ ಮಾತಾಡುವ ‘ಕಣಿವೆಯ ದನಿ’ ಸ್ಟೇಷನ್ ಬಯಲಿನ ತುದಿಯವರೆಗೂ ಕೇಳಿಸುತ್ತದೆ.

ಎಲ್ಲರೂ ಎಂದೆ. ಬುರ್ಮಕನ್ ಮನೆಯನ್ನು ಬಿಟ್ಟು.

ಬುರ್ಮಕನ್ ಅಂಜುಬುರುಕಿ ಅಲ್ಲ. ಕುರಿದೊಡ್ಡಿಗೆ ನುಗ್ಗಿದ ತೋಳವನ್ನು ಉರಿಯುವ ಕೊಳ್ಳಿ ಹಿಡಿದು ಅಟ್ಟಿದವಳು. ಆದರೆ ರೇಡಿಯೋದ ಸದ್ದು ಕಿವಿಗೆ ಬಿದ್ದರೆ ಸಾಕು, ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಅವಳಿಗೆ ಇದ್ದವಳು ಮಗಳು ಕಲೀಚಾ ಒಬ್ಬಳೇ. ಆ ಹುಡುಗಿಗೋ ರೇಡಿಯೋ ಎಂದರೆ ಪ್ರಾಣ.

ಒಂದು ಸಂಜೆ ಕೆನೆ ಕೊಳ್ಳಲು ಸಾಯ್ರಾ ಬಂದಳು. ಸ್ಟೇಷನ್ನಿನಲ್ಲಿ ಮಾತಾಡುವವಳು ಅವಳೇ. ಬುರ್ಮಕನ್ ಚಹಾದ ಬಟ್ಟಲನ್ನು ಅವಳ ಕೈಗಿತ್ತಳು.

“ಅಕ್ಕಾ, ಇಡೀ ಊರಲ್ಲಿ ನಮ್ಮನ್ನ ಕೇಳದೆ ಇರೋರು ನೀವೊಬ್ರೇ ನೋಡಿ.”

“ಕೇಳಿದ್ರೆ ದುಡ್ಡು ಕೀಳ್ತೀರಿ.”

“ಯಾರು ಹೇಳಿದ್ದು? ಕೇಳೋಕೆ ಒಂದು ಬಿಡಿಗಾಸೂ ಬೇಡ. ಮನಸ್ಸಿದ್ದೋರು ಕೊಡ್ತಾರೆ. ಕೊಡದೋರಿಗೇನು ನಾವು ಸಣ್ಣ ದನೀಲಿ ಮಾತಾಡ್ತೀವಾ?”

“ಹಂಗಾದ್ರೆ ನಿಮ್ಮ ಯಜಮಾನ ಯಾರು? ಸರ್ಕಾರಾನಾ? ಯಾವನಾದ್ರೂ ಸಾಹುಕಾರಾನಾ?”

“ಊರಿನೋರೇ ಅಕ್ಕಾ. ನೀವೂ ಸೇರಿ. ಕೆಲವರು ದುಡ್ಡು ಕೊಡ್ತಾರೆ. ಕೆಲವರು ಚಳಿಗಾಲಕ್ಕೆ ನಮ್ಮ ಒಲೆಗೆ ಸೌದೆ ಹಾಕಿಸ್ತಾರೆ. ಕರೆಂಟ್ ಹೋದಾಗ ಜನರೇಟರ್ ಓಡಬೇಕಲ್ಲ, ಅದಕ್ಕೆ ಟ್ರಾಕ್ಟರ್ ಇದ್ದೋರು ಡೀಸೆಲ್ ತಂದು ಹುಯ್ತಾರೆ. ಬೈಸಾಲ್ ತಾತ ವಾರಕ್ಕೊಂದು ದಿನ ಬಂದು ಹಳೇ ಹಾಡು ಹಾಡಿ ಹೋಗ್ತಾರೆ. ಅದೂ ಬೆಂಬಲಾನೇ.”

“ಅವನು ಹಾಡೋದು ಬೆಂಬಲಾನಾ? ನಿಲ್ಸೋಕೆ ಏನು ಕೊಡಬೇಕು ಹೇಳು, ಅದನ್ನ ಕೊಡ್ತೀನಿ.”

ಕಲೀಚಾ ಕಿಸಕ್ಕೆಂದಳು. ಸಾಯ್ರಾ ನಕ್ಕು ನಕ್ಕು ಬಟ್ಟಲು ಕೆಳಗಿಟ್ಟಳು. ಬುರ್ಮಕನ್ ಮಾತ್ರ ನಗಲಿಲ್ಲ.

“ನನ್ನ ತಮ್ಮ ಹೋಗಿದ್ದು ನಂಗೆ ಹೆಂಗೆ ಗೊತ್ತಾಯ್ತು ಅಂತ ಗೊತ್ತಾ ನಿಂಗೆ? ಹಾಲು ಕರೀತಾ ಕೂತಿದ್ದೆ. ಪಕ್ಕದ ಮನೆ ರೇಡಿಯೋ ಅವನ ಹೆಸರು ಹೇಳ್ತು. ಅಷ್ಟೇ.”

ನಮ್ಮಲ್ಲಿ ಸಾವಿನ ಸುದ್ದಿಯನ್ನು ಹಾಗೆ ಹೇಳುವುದಿಲ್ಲ. ಹಿರಿಯರು ಮನೆಗೆ ಬರುತ್ತಾರೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಅದು ಇದು ಮಾತಾಡುತ್ತ ಕೈ ಹಿಡಿದುಕೊಂಡು ಆಮೇಲೆ ಹೇಳುತ್ತಾರೆ. ಬುರ್ಮಕನ್ ಕೈಯನ್ನು ಅಂದು ಯಾರೂ ಹಿಡಿದುಕೊಂಡಿರಲಿಲ್ಲ. ಕೈಯಲ್ಲಿದ್ದದ್ದು ಹಸುವಿನ ಕೆಚ್ಚಲು.

ಸಾಯ್ರಾಳ ಮುಖ ಸಪ್ಪಗಾಯಿತು. “ಆಗ ನಮ್ಮ ಸ್ಟೇಷನ್ ಇರಲಿಲ್ಲ ಅಕ್ಕಾ. ಯಾರು ಮಾಡಿದ್ರೂ ಅದು ತಪ್ಪೇ. ಮನೆಯೋರಿಗೆ ಹಿರಿಯರು ಹೇಳಿ ಆಗಿದೆ ಅಂತ ಗೊತ್ತಾಗೋ ತನಕ ನಾವು ಸಾವಿನ ಸುದ್ದಿ ಹಾಕಲ್ಲ. ನೀವೇ ಬಂದು ನೋಡಿ, ಕೇಳಿ. ಬಾಗಿಲು ತೆಗೆದೇ ಇರತ್ತೆ.”

“ಕೆಟ್ಟದ್ದನ್ನ ಬಾಯಲ್ಲಿ ಆಡಿದ್ರೆ ಅದು ಮನೆ ಹುಡುಕ್ಕೊಂಡು ಬರತ್ತೆ. ನಿಮ್ಮ ಡಬ್ಬಿ ದಿನವಿಡೀ ಆಡತ್ತೆ. ನಂಗೆ ಬೇಡ,” ಎಂದು ಬುರ್ಮಕನ್ ಎದ್ದಳು. ಅಲ್ಲಿಗೆ ಮಾತು ಮುಗಿಯಿತು.

ಮರುದಿನ ಬೆಳಿಗ್ಗೆ ಮಗಳ ರೊಟ್ಟಿಯ ಗಂಟಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಬಿಚ್ಚಿ ನೋಡಿದರೆ ಅಂಗೈಯಗಲದ ರೇಡಿಯೋ! ಕಲೀಚಾ ಹೊರಗೆ ಕುಡುಗೋಲು ಮಸೆಯುತ್ತಿದ್ದಳು. ಕೂಗಾಡಿದರೆ ಹುಡುಗಿ ಇನ್ನಷ್ಟು ಹಟ ಹಿಡಿಯುತ್ತಾಳೆ. ಬುರ್ಮಕನ್ ಸದ್ದಿಲ್ಲದೆ ಸೆಲ್ಲುಗಳನ್ನು ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಂಡು, ರೇಡಿಯೋವನ್ನು ಇದ್ದ ಹಾಗೆಯೇ ಗಂಟಿನೊಳಗಿಟ್ಟಳು. ಮಗಳನ್ನು ಕಾಪಾಡಿದೆನೆಂದು ಒಳಗೊಳಗೇ ಬೀಗಿದಳು ಕೂಡ.

ಅಂದು ಬಿಸಿಲು ಸುಡುತ್ತಿತ್ತು. ಮಧ್ಯಾಹ್ನ ಅಂಗಳದಲ್ಲಿ ಹಲಗೆ ಹಾಕಿ, ಹುಳಿ ಮೊಸರಿನ ಉಂಡೆಗಳನ್ನು ಒಣಗಲು ಇಡುತ್ತಿದ್ದಳು. ಪಕ್ಕದ ಮನೆಯಾಕೆ ಬೇಲಿಯಾಚೆ ತನ್ನಷ್ಟಕ್ಕೆ ಏನೋ ಗೊಣಗಿದಳು. ಬುರ್ಮಕನ್‌ಗೆ ಆ ಗೊಣಗಾಟದ ಒಂದೊಂದು ಮಾತೂ ಕೇಳಿಸಿತು.

ಅವಳ ಕೈ ನಿಂತಿತು. ಸರಿಬೆಲ್‌ನಲ್ಲಿ ಬೇಲಿಯಾಚೆಯ ಗೊಣಗಾಟ ಕೇಳಿಸುವುದಿಲ್ಲ. ಬೇಸಿಗೆಯಲ್ಲಂತೂ ಇಲ್ಲವೇ ಇಲ್ಲ. ಹಿಮ ಕರಗಿ ಹೊಳೆ ಭೋರ್ಗರೆಯುವಾಗ ಇಲ್ಲಿ ಪಿಸುಮಾತನ್ನೂ ಕೂಗಿಯೇ ಆಡಬೇಕು.

ಹೊಳೆಯ ಸದ್ದು ನಿಂತಿತ್ತು.

ಬುರ್ಮಕನ್ ಅಂಗಳದ ತುದಿಗೆ ಹೋಗಿ ಬಗ್ಗಿ ನೋಡಿದಳು. ಇಷ್ಟು ಬಿಸಿಲಿಗೆ ದಡ ಮುಟ್ಟಬೇಕಿದ್ದ ನೀರು ಕಲ್ಲುಗಳ ನಡುವೆ ಸಣ್ಣಗೆ, ಕೆಸರಾಗಿ ಜಿನುಗುತ್ತಿತ್ತು. ಅತ್ತೆ ಬದುಕಿದ್ದಾಗ ಹೇಳಿದ್ದಳು: ಮೇಲೆ ಕಣಿವೆ ಇಕ್ಕಟ್ಟಾಗುವ ಕಡೆ ಗುಡ್ಡ ಜಾರಿ ಹೊಳೆಗೆ ಅಡ್ಡ ಬಿದ್ದರೆ ಕೆಳಗೆ ನೀರು ಬತ್ತುತ್ತದೆ. ಆಮೇಲೆ ಕಟ್ಟಿಕೊಂಡ ನೀರೆಲ್ಲ ಮಣ್ಣು ಬಂಡೆ ಸಮೇತ ಒಟ್ಟಿಗೇ ಬರುತ್ತದೆ.

ಕಲೀಚಾ ಬಯಲಿನಲ್ಲಿದ್ದಳು. ಅರ್ಧ ಊರೇ ಅಲ್ಲಿತ್ತು.

ಆದರೂ ಅವಳು ಬಾಯಿ ಬಿಡಲಿಲ್ಲ. ಕೇಡು ತೊಲಗಲೆಂದು ‘ತೂ ತೂ’ ಎನ್ನುತ್ತ ಎಡಕ್ಕೆ ಉಗಿದಳು. ‘ಯಾರೋ ಕಾಲುವೆಗೆ ನೀರು ತಿರುಗಿಸಿರಬೇಕು’ ಎಂದು ತನಗೆ ತಾನೇ ಹೇಳಿಕೊಂಡಳು. ಅಪಶಕುನದ ಮಾತನ್ನು ನಾನೇ ಏಕೆ ಆಡಲಿ, ಆಡಿದರೆ ಅದೇ ನಿಜವಾದರೆ? ಹಲಗೆಯ ಹತ್ತಿರ ವಾಪಸು ಬಂದು ಇನ್ನೊಂದು ಉಂಡೆ ಕಟ್ಟಿದಳು. ಅದು ಬೆರಳಲ್ಲೇ ಪುಡಿಯಾಯಿತು. ಬೇಲಿಯಾಚೆ ಪಕ್ಕದ ಮನೆಯಾಕೆ ಸೀನಿದ್ದೂ ಸ್ಪಷ್ಟವಾಗಿ ಕೇಳಿಸಿತು.

ಓಡಿ ಹೋಗಿ ಕೂಗೋಣವೆಂದರೆ ಬಯಲು ಗುಡ್ಡದ ಆಚೆ ಮಗ್ಗುಲಿಗಿತ್ತು. ಅವಳ ಕಾಲಿಗಿಂತ ನೀರಿನ ಕಾಲು ಜೋರು. ಮಗಳ ಫೋನಿಗೆ ಕರೆ ಮಾಡಿದಳು. ಹೋಗಲಿಲ್ಲ. ಮತ್ತೆ ಮಾಡಿದಳು. ಕೊನೆಗೆ ಕೆನೆಯ ಗಿರಾಕಿ ಸಾಯ್ರಾಳ ನಂಬರು ಒತ್ತಿದಳು.

“ಸಾಯ್ರಾ, ನಾನು ನಿಮಗೆ ಏನೂ ಕೊಟ್ಟೋಳಲ್ಲ. ನಿಮ್ಮ ಸ್ಟೇಷನ್‌ಗೆ ಸೇರಿದೋಳೂ ಅಲ್ಲ. ಹೇಳಬಹುದಾ?”

“ಯಾರು ಬೇಕಾದ್ರೂ ಹೇಳಬಹುದು ಅಕ್ಕಾ. ಏನಾಯ್ತು?”

“ಹೊಳೆ... ನನ್ನ ಬಾಯಲ್ಲಿ ಬರಬಾರದು... ಹೊಳೆ ಬತ್ತಿದೆ.”

ಆ ಕಡೆ ಕುರ್ಚಿ ಸರಿದ ಸದ್ದು. “ನೀವೇ ಕಣ್ಣಾರೆ ನೋಡಿದ್ರಾ? ಎಲ್ಲಿ ನಿಂತಿದ್ದೀರಿ? ಯಾವಾಗಿಂದ?”

“ನಮ್ಮ ಅಂಗಳದಿಂದ. ಈಗಷ್ಟೇ. ಬೆಳಿಗ್ಗೆ ಚೆನ್ನಾಗಿ ಹರೀತಿತ್ತು.”

“ಮೇಲಿನ ಕುರಿಗಾಹಿಗಳಿಗೂ ವಿಪತ್ತು ರಕ್ಷಣಾ ಕಚೇರಿಗೂ ನಮ್ಮೋರು ಈಗಲೇ ಫೋನ್ ಮಾಡ್ತಾರೆ. ಆದ್ರೆ ಅವರ ಉತ್ತರಕ್ಕೆ ಕಾಯೋಕಾಗಲ್ಲ. ಎಚ್ಚರಿಕೆ ಮೊದಲು ಹೋಗಲಿ. ನೋಡಿದ್ದು ನೀವು, ನೀವೇ ಹೇಳಿ. ನಿಮ್ಮ ದನಿ ನೇರವಾಗಿ ಬಿಡ್ತೀನಿ.”

“ನಾನಾ? ಬೇಡ ಕಣೇ! ಅದೂ ಅಲ್ದೆ...” ಬುರ್ಮಕನ್ ಕೈ ಏಪ್ರನ್ ಜೇಬಿಗೆ ಹೋಯಿತು. ಸೆಲ್ಲುಗಳು ಬೆರಳಿಗೆ ತಗುಲಿದವು. “ನನ್ನ ಮಗಳ ರೇಡಿಯೋದಲ್ಲಿ ಸೆಲ್ ಇಲ್ಲ. ನಾನೇ ತೆಗೆದಿಟ್ಕೊಂಡೆ. ಅಯ್ಯೋ, ನಾನೇ ತೆಗೆದೆ!”

“ಅಳಬೇಡಿ. ಯಾರ ರೇಡಿಯೋ ಹಾಡ್ತಿದ್ರೂ ಸಾಕು. ಹೇಳಿ ಅಕ್ಕಾ, ಬೇಗ!”

ಬೇಲಿಯಾಚೆಯ ಮನೆಯ ರೇಡಿಯೋದ ಹಾಡು ಕತ್ತರಿಸಿದಂತೆ ನಿಂತಿತು. ಅದರಿಂದ ಸಾಯ್ರಾ ದನಿ ಬಂತು. ಅದರ ಹಿಂದೆಯೇ ಬುರ್ಮಕನ್‌ಗೆ ತನ್ನದೇ ದನಿ ಕೇಳಿಸಿತು. ಒಡೆದು ಹೋದ, ಗುರುತೇ ಸಿಗದ ದನಿ.

“ನಾನು ಬುರ್ಮಕನ್. ಹೊಳೆ ಬತ್ತಿದೆ. ಮೇಲೆ ಅಡ್ಡ ಕಟ್ಟಿಕೊಂಡಿರಬೇಕು, ಒಡೆದ್ರೆ ಬಯಲಿಗೇ ಬರತ್ತೆ. ಎಲ್ಲಾರೂ ಗುಡ್ಡ ಹತ್ತಿ. ಕುಡುಗೋಲು ಬಿಡಿ, ಹುಲ್ಲು ಬಿಡಿ. ಕಲೀಚಾ, ಎಲ್ಲಿದ್ದೀಯೇ? ಮೇಲೆ ಹತ್ತೇ! ಯಾರಾದ್ರೂ ನನ್ನ ಮಗಳಿಗೆ ಹೇಳ್ರೋ!”

ಆಮೇಲೆ ಸಾಯ್ರಾ ಅದನ್ನೇ ಶಾಂತವಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದಳು: ಹೊಳೆಯ ಪಕ್ಕದವರು ಈಗಲೇ ಮೇಲೆ ಹೋಗಿ. ಮೇಲಿನ ಕುರಿಗಾಹಿಗಳನ್ನು ಕೇಳುತ್ತಿದ್ದೇವೆ. ಸುಳ್ಳೆಂದು ಗೊತ್ತಾದರೆ ನಾವೇ ಹೇಳುತ್ತೇವೆ, ಅಲ್ಲಿಯವರೆಗೆ ಇಳಿಯಬೇಡಿ.

ಬುರ್ಮಕನ್ ಎದ್ದೆನೋ ಬಿದ್ದೆನೋ ಎಂದು ಗುಡ್ಡದ ಅಂಚಿಗೆ ಓಡಿದಳು. ಅವಳು ಅಲ್ಲಿ ಮುಟ್ಟುವ ಮೊದಲೇ ನೆಲ ಅದುರಿತು. ಮಣ್ಣು, ಬಂಡೆ, ಬುಡಸಮೇತ ಕಿತ್ತ ಮರಗಳು ಕಪ್ಪಗೆ ಉರುಳಿಕೊಂಡು ಬಂದವು. ಹಸಿ ಮಣ್ಣಿನ ವಾಸನೆಗೆ ಉಸಿರು ಕಟ್ಟಿತು. ಕೆಳಗೆ ಹುಲ್ಲಿನ ಬಣವೆಗಳು ಒಂದು ಕ್ಷಣ ಕಂಡವು. ಮರುಕ್ಷಣ ಅಲ್ಲಿ ಬಯಲೇ ಇರಲಿಲ್ಲ. ಮನುಷ್ಯರು ಒಬ್ಬರೂ ಕಾಣಲಿಲ್ಲ.

ಅವಳು ಅಲ್ಲೇ ಕುಸಿದಳು. ಅತ್ತರೆ ನಿಜವಾಗಿಬಿಡುತ್ತದೆ ಎಂದು ತುಟಿ ಕಚ್ಚಿಕೊಂಡಳು. ಬದುಕಿನಲ್ಲಿ ಅಷ್ಟು ಭಯ ಅವಳಿಗೆ ಎಂದೂ ಆಗಿರಲಿಲ್ಲ. ಹಿಂದಿನಿಂದ ಊರಿನ ಹಿರಿಯ ಹೆಂಗಸರಿಬ್ಬರು ಬಂದು ಆಚೀಚೆ ಕೂತರು. ಒಬ್ಬಳು ಅವಳ ಕೈ ಹಿಡಿದುಕೊಂಡಳು. ಅಷ್ಟೇ ಸಾಕಾಯಿತು, ಬುರ್ಮಕನ್ ಕೈ ಕಿತ್ತುಕೊಂಡು ಕಿರುಚಿದಳು: “ಕೈ ಹಿಡೀಬೇಡಿ! ನಂಗೇನೂ ಹೇಳಬೇಡಿ!”

“ನಮಗೇ ಏನೂ ಗೊತ್ತಿಲ್ಲ ಕಣೇ,” ಎಂದಳು ಆ ಮುದುಕಿ. ಅವಳ ಸೊಸೆಯೂ ಬಯಲಿಗೆ ಹೋಗಿದ್ದಳು.

ಎಷ್ಟು ಹೊತ್ತಾಯಿತೋ. ಗುಡ್ಡದ ಓರೆಯ ಆಡಿನ ಹಾದಿಯಲ್ಲಿ ಮೊದಲು ಕೇಳಿಸಿದ್ದು ಬೈಗುಳ. ಬೈಸಾಲ್ ತಾತ ಕೊಚ್ಚಿಹೋದ ತನ್ನ ಕುದುರೆಗಾಗಿ ಹೊಳೆಯ ವಂಶವನ್ನೇ ಬೈಯುತ್ತ ಹತ್ತಿ ಬರುತ್ತಿದ್ದ. ಕೊರಳಲ್ಲಿ ರೇಡಿಯೋ ಇನ್ನೂ ಮಾತಾಡುತ್ತಿತ್ತು. ಹಿಂದೆ ಒಬ್ಬೊಬ್ಬರಾಗಿ ಜನ. ಮುದುಕಿಯ ಸೊಸೆ ಬಂದಳು. ಎಲ್ಲರಿಗಿಂತ ಕೊನೆಗೆ, ಇನ್ಯಾರದೋ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಬರಿಗಾಲಲ್ಲಿ ಕಲೀಚಾ.

ತಾಯಿ ಮಗಳ ಮುಖ, ಹೆಗಲು, ಕೈ ಎಲ್ಲವನ್ನೂ ಸವರಿ ನೋಡಿದಳು.

“ತಾತನ ರೇಡಿಯೋದಲ್ಲಿ ಕೇಳಿಸ್ತು ಅಮ್ಮಾ,” ಎಂದಳು ಕಲೀಚಾ ಏದುಸಿರು ಬಿಡುತ್ತ. “ಕೆಲವರು ತಮಾಷೆ ಅಂದ್ಕೊಂಡು ನಿಂತೇ ಇದ್ರು. ನಾನು ಹೇಳ್ದೆ, ನಮ್ಮಮ್ಮ ಸತ್ರೂ ರೇಡಿಯೋ ಮುಟ್ಟೋಳಲ್ಲ, ಅವಳೇ ಮಾತಾಡ್ತಿದ್ದಾಳೆ ಅಂದ್ರೆ ಓಡಿ ಅಂತ. ಎಲ್ಲಾರೂ ಓಡಿದ್ರು.”

ಬುರ್ಮಕನ್ ಜೇಬಿನಿಂದ ಸೆಲ್ಲುಗಳನ್ನು ತೆಗೆದು ಮಗಳ ಅಂಗೈಯಲ್ಲಿಟ್ಟಳು. ಕಲೀಚಾ ಅವುಗಳನ್ನು ನೋಡಿದಳು, ತಾಯಿಯನ್ನು ನೋಡಿದಳು. ಏನೂ ಅನ್ನಲಿಲ್ಲ. ಅದಕ್ಕೇ ಬುರ್ಮಕನ್ ಬಿಕ್ಕಿ ಬಿಕ್ಕಿ ಅತ್ತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದು ನಿಮಗೂ ಹೇಳಿದ ಮಾತು. ನಿಮ್ಮೂರಿನ ರೇಡಿಯೋ ಕೇಳಲು ಯಾರಿಗೂ ಏನೂ ಕೊಡಬೇಕಾಗಿಲ್ಲ. ಆದರೆ ಯಾರೂ ಏನೂ ಕೊಡದಿದ್ದರೆ ಅದು ಉಳಿಯುವುದಿಲ್ಲ. ದುಡ್ಡಿದ್ದರೆ ದುಡ್ಡು, ಇಲ್ಲದಿದ್ದರೆ ಸೌದೆ, ಡೀಸೆಲ್, ಒಂದು ಹಾಡು, ಒಂದು ಸಂಜೆಯ ಕೆಲಸ. ಕೊಟ್ಟಿದ್ದು ಎಲ್ಲಿ ಹೋಯಿತೆಂದು ಕೇಳಿ, ಕೇಳುವ ಹಕ್ಕು ನಿಮ್ಮದು. ಸದ್ದು ಕರಕರ ಎಂದರೆ ರೇಡಿಯೋದ ಆಂಟೆನಾ ಕಡ್ಡಿಯನ್ನು ಪೂರ್ತಿ ಎಳೆದು, ಕಿಟಕಿಯ ಹತ್ತಿರವೋ ದಿಬ್ಬದ ಮೇಲೋ ಇಟ್ಟು ನೋಡಿ. ಕೆಲಸಕ್ಕೆ ಹೋಗುವ ಗುಂಪಿನಲ್ಲಿ ಒಂದಾದರೂ ರೇಡಿಯೋ ಮಾತಾಡುತ್ತಿರಲಿ. ಸ್ಟೇಷನ್ನಿನ ನಂಬರು ಫೋನಿನಲ್ಲಿರಲಿ. ಎಲ್ಲಿದ್ದೀರಿ, ಏನು ಕಂಡಿರಿ, ಯಾವಾಗ, ಇಷ್ಟು ಹೇಳಿದರೆ ಸಾಕು.

ಅಪಶಕುನವೆಂದು ಬಾಯಿ ಮುಚ್ಚಿಕೊಳ್ಳಬೇಡಿ. ಬುರ್ಮಕನ್ ಇನ್ನೊಂದು ಉಂಡೆ ಕಟ್ಟುತ್ತ ಕೂತಿದ್ದರೆ ಕಲೀಚಾ ಇರುತ್ತಿರಲಿಲ್ಲ. ಹೊಳೆ ಸುಮ್ಮನಾದಾಗ ನೀವು ಸುಮ್ಮನಿರಬೇಡಿ.