ನಾಕು ಕೌದಿ, ಒಂದು ಮೈಕು

ಟಿಕ್ ಟಿಕ್ ಇನ್ನೂ ಎಲ್ಲಿಂದ ಬರಾಕತ್ತೈತಿ, ಗಡಿಯಾರದ ಸೆಲ್ ತಗದೇನಿ, ಫ್ರಿಜ್ಜಿನ ಪ್ಲಗ್ ಕಿತ್ತೇನಿ, ಫ್ಯಾನ್ ಬಂದ್, ಆದ್ರೂ ಹೆಡ್‌ಫೋನ್ ಹಾಕ್ಕೊಂಡ್ರ ಟಿಕ್ — ಹಾಂ, ಬಚ್ಚಲದ ನಳ, ಓಡಿ ಹೋಗಿ ಕೆಳಗ ಒಂದು ಹಳೇ ಅರಬಿ ಮಡಚಿ ಇಟ್ಟು ಬಂದೆ, ಈಗ ಬರೇ ಹಿಂದಿನ ಅಕ್ಕಿ ಗಿರಣಿದು ಗುಂಯ್ ಅನ್ನೋದು, ಅದು ಒಂದಕ್ಕ ನಿಂದರತೈತಿ, ಹಮಾಲರು ಉಣ್ಣಾಕ ಹೋಗ್ತಾರ, ಎರಡಕ್ಕ ಮತ್ತ ಚಾಲೂ, ಅಂದ್ರ ಇಡೀ ಅಕ್ಕಿಆಲೂರಿನ್ಯಾಗ ನನಗಂತ ಇರೋದು ಒಂದ ತಾಸು, ಸಂಜಿ ಬಸ್ಸಿಗೆ ಅವ್ವ ಅಪ್ಪ ಹುಬ್ಬಳ್ಳಿಗೆ ಹೊಂಡ್ತಾರ, ನಾಳೆ ಮುಂಜಾನೆ ಅವ್ವನ ಗಂಟಲ ಆಪರೇಶನ್, ಡಾಕ್ಟರ್ ಪೆನ್ನಿಲೆ ಚಿತ್ರ ತಗದು ತೋರಿಸಿದ್ರು, ನೋಡ್ರಿ ಇದು ಗಂಟು, ಇದು ದನಿ ನರ, ಒಂದಕ್ಕೊಂದು ಹತ್ತಿಕೊಂಡಾವ, ತಗದ ಮ್ಯಾಲೂ ದನಿ ಹಿಂಗ ಇರ್ತೈತಿ ಅಂತ ಹೇಳಾಕ ಬರಂಗಿಲ್ರಿ, ಅವ್ವ ಏನಂದ್ಲು, ಮಾತಾಡಾಕ ಬಂದ್ರ ಸಾಕ್ರಿ ಅಂದ್ಲು, ಮಾತಾಡಾಕ! ಹಾನಗಲ್ಲಿಂದ ಹಿರೇಕೆರೂರು ತನಕ ಯಾರ ಮನಿ ಮುಂದ ಹಂದರ ಹಾಕಿದ್ರೂ ಮೊದಲ ಶಿವಬಸವ್ವನ್ನ ಕರೀರಿ, ಸೋಬಾನ ಪದ ಆಕಿನ ಎತ್ತಬೇಕು ಅಂತಾರ, ಅವ್ವನ ಅಂಥಾ ದನಿ ಎಲ್ಲೂ ಒಂದು ತುಣುಕ ರೆಕಾರ್ಡ್ ಆಗಿಲ್ಲ, ಮದುವಿ ವಿಡಿಯೋದವರೆಲ್ಲ ಮ್ಯಾಲ ಸಿನಿಮಾ ಹಾಡು ಹೇರಿಬಿಟ್ಟಾರ, ಅವ್ವಂದು ಬರೇ ತುಟಿ ಅಲ್ಲಾಡ್ತೈತಿ, ಬಲಗೈ ಮುಂದ ಬರ್ತೈತಿ, ಅಂಗೈ ತೆರೀತೈತಿ, ಮ್ಯಾಲ ಢಣ್ ಢಣ್ ಸಿನಿಮಾ, ಇಲ್ಲ, ಇವತ್ತ ಆಗಬೇಕಂದ್ರ ಆಗಬೇಕು, ಮೈಕ್ ಮುನಾಫಂದು, ಕಾಲೇಜಿನ್ಯಾಗ ನನ್ನ ಕ್ಲಾಸು, ಸವಣೂರಾಗ ತಮ್ಮ ಕಾಕಾಂದು ಕವ್ವಾಲಿ ರೆಕಾರ್ಡ್ ಮಾಡ್ತಾನ, ನಿನ್ನೆ ಬಸ್‌ಸ್ಟ್ಯಾಂಡಿನ್ಯಾಗ ಕೂಸಿನ್ನ ಕೊಟ್ಟಂಗ ಎರಡೂ ಕೈಲೆ ಕೊಟ್ಟು ಅಂದ, ಸುಧಾರಾಣಿ, ಮೈಕಿಗಿಂತ ಖೋಲಿ ಮುಖ್ಯ, ಗ್ವಾಡಿ ದನಿನ್ನ ವಾಪಸ್ ಒಗೀಬಾರದು, ಒಂದು ಸಪ್ಪಳಾನೂ ಇರಬಾರದು, ತಿಳೀತ? ತಿಳೀತಪಾ, ಅದಕ್ಕ ಈ ನಾಕು ಕೌದಿ, ಅನ್ನವ್ವಜ್ಜಿ ಹಳೇ ಸೀರಿ ಕೂಡಿಸಿ ಹೊಲದದ್ದು, ಹೊತ್ತಗೊಂಡ್ರ ಮಗ್ಗಲ ಹೊಳ್ಳಾಕ ಬರಂಗಿಲ್ಲ ಅಷ್ಟು ವಜ್ಜಿ, ಟ್ರೇಜರಿ ಕಪಾಟಿನ ಮೂಲಿಯಿಂದ ಕಿಡಕಿ ಸರಳಿಗೆ ಹಗ್ಗ ಕಟ್ಟಿ ನಾಕೂ ಕಡೆ ಇಳೇ ಬಿಟ್ಟೇನಿ, ಕಸೂತಿ ರಿಂಗಿಗೆ ತೆಳ್ಳನ್ನ ಓಡನಿ ಬಿಗದು ಮೈಕಿನ ಮುಂದ ನಿಲ್ಲಿಸೇನಿ, ಪ ಬ ಅಂದಾಗ ಬಾಯಾಗಿನ ಗಾಳಿ ಬಡೀಬಾರದಂತ, ಅವ್ವ ಒಳಗ ಹಣಿಕಿ ಹಾಕಿ ಅಂತಾಳ, ಇದೇನವಾ, ಬಾಣಂತಿ ಖೋಲಿ ಮಾಡಿಬಿಟ್ಟಿ, ನೀ ಕುಂದ್ರವ್ವ, ಕುಂತ್ಲು, ಖಣ್ ಖಣ್ — ಬಳಿ, ಹಸರ ಬಳಿ, ಹೆಡ್‌ಫೋನಿನ್ಯಾಗ ಪಾತ್ರಿ ಬಿದ್ದಂಗ ಕೇಳ್ತಾವ, ಅವ್ವ ಒಂದ ತಾಸು ಬಳಿ ತಗದಿಡು ಅಂದೆ, ನಾಳೆ ದವಾಖಾನ್ಯಾಗ ಹೆಂಗೂ ತಗಸ್ತಾರ, ಇವತ್ತ ನೀನೂ ತಗಿ ಅಂತೀಯೇನು? ಅಂದ್ಲು, ನನ್ನ ನಾಲಿಗಿ ಬಿದ್ದಹೋಗಲಿ, ಇಲ್ಲ ಬ್ಯಾಡ, ಅಪ್ಪನ ಕರ್ಚೀಪು ತಂದು ಬಳಿ ಮ್ಯಾಲ ಸುತ್ತಿ ಗಂಟು ಹಾಕಿದೆ, ಬಿಳೇ ಕರ್ಚೀಪಿನಾಗ ಅವ್ವನ ಕೈ ಮುರದ ಕೈ ಕಂಡಂಗ ಕಾಣಾಕತ್ತು, ನೋಡಬಾರದು ಅತ್ತಾಗ, ಲ್ಯಾಪ್‌ಟಾಪಿನಾಗ ದನಿ ಲೆವೆಲ್ ನೋಡಬೇಕು.

ನಿಂತು. ಗಿರಣಿ ನಿಂತು. ಎಂಥಾ ಸುಮ್ಮನಾತು, ಅವ್ವ ಉಸರಾಡೋದು ಸುದ್ದಾ ಲ್ಯಾಪ್‌ಟಾಪಿನ ಗೆರಿ ಮ್ಯಾಲ ಸಣ್ಣಂಗ ಏಳತೈತಿ, ಹೂಂ ಅವ್ವ, ಎತ್ತು, ಅವ್ವ ಎತ್ತಿದ್ಲು, ಗಿಡ್ಡ ಬಾಗಲಕ ಬಗ್ಗಿ ಬಾರೊ ಮದುಮಗನೆ, ಹೆಡ್‌ಫೋನಿನ್ಯಾಗ ಆ ದನಿ, ನನ್ನ ಕಿವಿ ಹಿಂದ ಮುಳ್ಳ ಎದ್ದಂಗಾತು, ಗೆರಿ ಗುಡ್ಡ ಆತು, ಆಮ್ಯಾಲ ನೆಲ ಆತು, ಸಪಾಟ, ಅವ್ವನ ಕರ್ಚೀಪಿನ ಕೈ ಮುಂದ ಬಂದು ಅಂಗೈ ತೆರದು ನಿಂತೈತಿ, ಮುಂದ ಇರೋದು ಕೌದಿ, ಯಾಕವ್ವ ನಿಂತಿ, ಎತಗೊಳ್ಳೋರು ಯಾರವಾ, ನಾ ಬಿಟ್ಟ ಸಾಲ ಆ ಕಡೆ ಒಬ್ಬಾಕಿ ಹಿಡದು ತಿರಗಿ ಹಾಡಬೇಕಲ್ಲ, ಅದನ್ನ ಬಿಟ್ಟು ಮುಂದಿಂದ ಹೇಳು, ಮುಂದಿಂದ ಎಲ್ಲೈತಿ? ಅವರು ಹಾಡೋವಾಗ ನನಗ ಮುಂದಿಂದ ಬರ್ತೈತಿ, ಸುಮ್ಮನಿದ್ರ ಬರಂಗಿಲ್ಲ, ಮತ್ತೊಮ್ಮೆ ಎತ್ತು, ಎತ್ತಿದ್ಲು, ಅಂಗೈ, ಸಪಾಟ, ಮೂರನೇ ಸಲಾನೂ ಅಷ್ಟ, ಒಂದು ಸಾಲಿನ ಮ್ಯಾಲ ಎರಡನೇದು ಇಲ್ಲ, ಒಂದೂ ಸಪ್ಪಳ ಇರಬಾರದಂತ ನಾನ ಎಲ್ಲಾರನ್ನೂ ಹೊರಗ ಹಾಕಿ ಬಾಗಲಾ ಹಾಕೇನಿ, ಚೌಡವ್ವ ಇದ್ದಿದ್ರ, ಬಾಜೂ ಮನಿ ಚೌಡವ್ವ, ಇಪ್ಪತ್ತು ವರ್ಷದಿಂದ ಅವ್ವನ ಸಾಲ ಹಿಡದಾಕಿ, ಮಗಳ ಬಾಣಂತನಕ ಹತ್ತಿಮತ್ತೂರಿಗೆ ಹೋಗ್ಯಾಳ, ಫೋನ್ ಹಚ್ಚು, ಒಂದೂಕಾಲು, ಹಚ್ಚಿದೆ, ಚೌಡವ್ವತ್ತಿ, ಅವ್ವ ಎತ್ತತಾಳ, ನೀವು ಹಿಡೀರಿ, ಅಯ್ಯ ನನ್ನವ್ವ, ಕೂಸಿಗೆ ನೀರ ಹಾಕಾಕತ್ತಿದ್ದೆ, ಹೂಂ ಎತ್ತು ಅನ್ನು, ಇಯರ್‌ಫೋನ್ ಅವ್ವನ ಕಿವಿಗೆ, ಅವ್ವ ಎತ್ತಿದ್ಲು, ಚೌಡವ್ವ ಹಿಡದ್ಲು, ಆದ್ರ ಅದು ತಡಾ ಆಗಿ ಬರ್ತೈತಿ, ಅವ್ವ ದಾರಿ ನೋಡಿ ನೋಡಿ ಬಾಯಿ ತೆರಿಯೋದಕ್ಕ ಆಕಿದು ಬಂದು ಬೀಳತೈತಿ, ನಡುವ ಕೂಸಿನ ಅಳು, ಅವ್ವ ಇಯರ್‌ಫೋನ್ ಕಿತ್ತಿಟ್ಲು, ಬಾವ್ಯಾಗ ಬಿದ್ದಾಕಿ ಕೂಡ ಹಾಡಿದಂಗ ಆಗ್ತೈತಿ, ಬಿಡು ಸುಧಾ, ಆಗಲಿಲ್ಲ ಅಂದ್ರ ಆಗಲಿಲ್ಲ, ಬಿಡಂಗಿಲ್ಲ, ಒಂದೂವರಿ, ಬಿಡಂಗಿಲ್ಲ, ಯಾರದಾರ, ಅಪ್ಪ ಹಾಡಿದ್ರ ಓಣಿ ನಾಯಿ ಓಡ್ತಾವ, ಮತ್ತ ನಾ, ನಂದು ಅಪ್ಪನಕಿಂತ ಖರಾಬ, ಸಾಲ್ಯಾಗಿದ್ದಾಗ ಆಗಸ್ಟ್ ಹದಿನೈದಕ್ಕ ಟೀಚರ್ ಹಾಡೋ ಹುಡುಗ್ಯಾರ ಸಾಲಿನಾಗ ನಿಲ್ಲಿಸಿ ಹೇಳಿದ್ರು, ಸುಧಾರಾಣಿ, ನೀ ಬರೇ ತುಟಿ ಅಲ್ಲಾಡಸು, ಅವತ್ತಿಂದ ನಾ ವಾಯರ್ ಹಿಡಿಯಾಕಿ, ಹಾಡಾಕಿ ಅಲ್ಲ, ಅವ್ವನ ದನಿ ಇರೋದು ಇದೊಂದರಾಗ, ಅದರಾಗ ನನ್ನ ಒಡಕ ದನಿ ಕಾಯಂ ಉಳದುಬಿಟ್ರ, ಆಮ್ಯಾಲ ಅಳಿಸಾಕ ಬರಂಗಿಲ್ಲ, ಒಂದ ಮೈಕು, ಎರಡೂ ಕೂಡೇ ಅಂಟ್ಕೊಂತಾವ — ಆದ್ರ ಒಂದು ಸಾಲಿನ ಮ್ಯಾಲ ಎರಡನೇದು ಇಲ್ಲಂದ್ರ ಅಳಿಸೋದಕ್ಕರ ಏನಿರತೈತಿ, ಹೆಡ್‌ಫೋನ್ ತಗದು ಟೇಬಲ್ ಮ್ಯಾಲ ಒಗದೆ, ಕೌದಿ ಸರಿಸಿ ಒಳಗ ಹೊಕ್ಕೆ, ಮೊಣಕಾಲಿಗೆ ಮೊಣಕಾಲ ಹತ್ತಿಸಿ ಕುಂತೆ, ಒಳಗ ಅಜ್ಜಿ ಟ್ರಂಕಿನ ವಾಸನಿ, ನೀ ಹಾಡ್ತೀಯಾ? ಅವ್ವನ ಕಣ್ಣಾಗ ನಗಿ, ನಗಬ್ಯಾಡವ್ವ, ಎತ್ತು, ಗಿಡ್ಡ ಬಾಗಲಕ ಬಗ್ಗಿ ಬಾರೊ ಮದುಮಗನೆ, ಅಂಗೈ ಬಂತು, ಈ ಸಲ ಕೌದಿ ಕಡೆ ಅಲ್ಲ, ನನ್ನ ಕಡೆ, ನನ್ನ ಬಾಯಿಂದ ಎಣ್ಣಿ ಕಾಣದ ಗಾಲಿ ತಿರಗಿದಂಥಾ ದನಿ ಹೊಂಟು ಗಿಡ್ಡ ಬಾಗಲಕ ಹೆಂಗರ ಮಾಡಿ ಬಗ್ಗಿತು, ಅವ್ವ ನಗಲಿಲ್ಲ, ಕಣ್ಣು ಮುಚ್ಚಿದ್ಲು, ಬಂತು, ಮುಂದಿಂದ ಬಂತು, ನಮ್ಮ ಮಗಳ ಮುಂದ ಹಿಂಗ ಬಗ್ಗಿರೊ ದಿನದಿನವೂ, ಅಂಗೈ, ನಾ ಸಾಲ ಹಿಡದೆ, ಮೂರು, ನಾಕು, ಹನ್ನೊಂದು, ನಾ ಎಂದೂ ಕೇಳದ ಸಾಲು ಬರಾಕತ್ತಾವ, ಗುಂಯ್ — ಎರಡು ಆತು, ಗಿರಣಿ ಚಾಲೂ ಆತು, ಮುನಾಫ ಬೈತಾನ, ಬೈಲಿ, ಅವ್ವ ನಿಲ್ಲಸಂಗಿಲ್ಲ, ನಾನೂ ನಿಲ್ಲಸಂಗಿಲ್ಲ, ಸಂಜಿ ಬಸ್ಸು, ನಾಳೆ ಮುಂಜಾನೆ ಯಾರೋ ನರ್ಸು ಬಳಿ ತಗೀತಾಳ, ಎಚ್ಚರಾದ ಮ್ಯಾಲ ಅವ್ವ ಬಾಯಿ ತೆರದು ದನಿ ಹೊಂಡದಿದ್ರ — ಹೊಂಡದಿದ್ರ ನೀ ಕೈ ಅಷ್ಟ ಮುಂದ ಮಾಡವ್ವ, ಯಾವ ಸಾಲು ಅಂತ ನನಗ ಗೊತ್ತೈತಿ, ನಾ ಹಿಡೀತೇನಿ, ಇಗಾ ಮತ್ತ ಬಂತು, ಬಿಳೇ ಕರ್ಚೀಪು, ಅದರಾಚೆ ತೆರದ ಅಂಗೈ, ನನ್ನ ಕಡೆ, ಅಂಗೈ